ಕೂಲರ್‌ಗೆ ನೀರು ತುಂಬುವ ಮುನ್ನ
ನಾಸಿಕ್, ಸಂಭಾಜಿನಗರದ ನಮ್ಮವರ ಮನೆಗಳಲ್ಲಿ ಬೇಸಿಗೆ ಬಂತೆಂದರೆ ತಗಡಿನ ಕೂಲರ್ ಹೊರಬರುತ್ತದೆ. ಬಾಡಿಗೆ ಮನೆ, ಮೂರು ಪಿನ್ನಿನ ಸಾಕೆಟ್ ಇದ್ದರೂ ಗೋಡೆಯೊಳಗೆ ಅರ್ಥಿಂಗ್ ತಂತಿಯೇ ಇರದಿರಬಹುದು. ಪಂಪಿನಿಂದ ಕರೆಂಟ್ ಸೋರಿದರೆ ಇಡೀ ತಗಡಿಗೆ ಹರಿಯುತ್ತದೆ. ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಮುಟ್ಟಿದವರ ಎದೆ ಹಾದು ನೆಲಕ್ಕಿಳಿಯುತ್ತದೆ. ಸುಮಾರು 100 ಮಿಲಿಆಂಪಿಯರ್ ಸಾಕು, ಹೃದಯ ಬಡಿಯುವುದು ಬಿಟ್ಟು ಬರೀ ಅದುರತೊಡಗುತ್ತದೆ.

"ಎಂಸಿಬಿ ಇದೆಯಲ್ಲ ಡಾಕ್ಟ್ರೇ" ಅನ್ನುತ್ತಾರೆ. ಅದು ಕಾಯುವುದು ವೈರಿಂಗನ್ನು, ನಿಮ್ಮನ್ನಲ್ಲ! ಅರ್ಥಿಂಗ್ ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಮಾಲೀಕರು ಒಪ್ಪದಿದ್ದರೆ ನಿಮ್ಮ ದುಡ್ಡಲ್ಲೇ. ಪ್ಲಗ್ ತೆಗೆದೇ ನೀರು ತುಂಬಿ.

ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಮೇನ್ ಆಫ್, ಆಮೇಲೆ ಮುಟ್ಟಿ. ಎಚ್ಚರ, ಉಸಿರು ಎರಡೂ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿಸಿ. ಆಂಬುಲೆನ್ಸ್ ಬರುವ ತನಕ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತುತ್ತಿರಿ.