ಕೊಠಡಿಯ ಗಾಳಿಯಲ್ಲಿ ಚರ್ಮಮೂಲದ ಬ್ಯಾಕ್ಟೀರಿಯಗಳು

ಗಾಳಿಯಲ್ಲಿ ಸೂಕ್ಷ್ಮಜೀವಿಗಳಿವೆಯೆಂಬುದನ್ನು ಲೂಯಿ ಪಾಸ್ಚರರು 1860ರಲ್ಲಿಯೇ ತೋರಿಸಿಕೊಟ್ಟರು. ಜೂರಾ ಪರ್ವತದ ಅಡಿಯ ಬಯಲಿನಲ್ಲಿ ಅವರು ತೆರೆದು ಮುಚ್ಚಿದ 20 ಕುಪ್ಪಿಗಳಲ್ಲಿ 8 ಕೆಟ್ಟವು. ಆಲ್ಪ್ಸ್ ಪರ್ವತದ ಹಿಮನದಿಯ ಮೇಲೆ ತೆರೆದ 20ರಲ್ಲಿ ಒಂದು ಮಾತ್ರ ಕೆಟ್ಟಿತು. ಸೂಕ್ಷ್ಮಜೀವಿಗಳನ್ನು ಹೊತ್ತು ತರುವುದು ಧೂಳೆಂದು ಅವರು ನಿರ್ಣಯಿಸಿದರು. ಆದರೆ ಕೊಠಡಿಯ ಧೂಳು ಎಲ್ಲಿಯದು? ಇದಕ್ಕೆ ಸ್ಪಷ್ಟವಾದ ಉತ್ತರ ದೊರೆಯಲು ಸುಮಾರು ನೂರು ವರ್ಷ ಬೇಕಾಯಿತು. 1962ರಲ್ಲಿ ಡೇವೀಸ್ ಮತ್ತು ನೋಬಲ್ ಎಂಬ ವಿದ್ವಾಂಸರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಬ್ಯಾಕ್ಟೀರಿಯಗಳ ವಾಹನವೆಂದು ತಿಳಿಸಿತು.

ಗುರುತಿಸುವ ಕ್ರಮ ಹೀಗಿದೆ. ಪೋಷಕದ್ರವ್ಯವುಳ್ಳ ಅಗರ್ ತಟ್ಟೆಯನ್ನು ಜನರಿರುವ ಕೊಠಡಿಯಲ್ಲಿ ತೆರೆದಿಟ್ಟು, ಬಳಿಕ ಮುಚ್ಚಿ ಬೆಚ್ಚಗಿರಿಸಿದರೆ ಒಂದೆರಡು ದಿನಗಳಲ್ಲಿ ಬಿಳಿಯ, ಹಳದಿಯ ಬೊಟ್ಟುಗಳು ಮೂಡುತ್ತವೆ. ಗ್ರಾಮ್ ವರ್ಣಲೇಪನದ ತರುವಾಯ ಸೂಕ್ಷ್ಮದರ್ಶಕದಲ್ಲಿ ನೇರಿಳೆ ಬಣ್ಣದ ದುಂಡುಕಣಗಳು ದ್ರಾಕ್ಷಿಗೊಂಚಲಿನಂತೆ ಕಂಡರೆ ಸ್ಟೆಫಿಲೊಕಾಕಸ್, ನಾಲ್ಕುನಾಲ್ಕಾಗಿ ಕಂಡರೆ ಮೈಕ್ರೊಕಾಕಸ್ ಎಂದು ಊಹಿಸಬಹುದು. ಸಂದೇಹವಿದ್ದಲ್ಲಿ ಲೈಸೊಸ್ಟಾಫಿನ್ ಎಂಬ ಕಿಣ್ವ ನೆರವಾಗುತ್ತದೆ. ಅದು ಮೊದಲನೆಯದನ್ನು ಕರಗಿಸುತ್ತದೆ, ಎರಡನೆಯದನ್ನು ಮುಟ್ಟುವುದಿಲ್ಲ. ಸ್ಟೆಫಿಲೊಕಾಕಸ್ ಮೊಲದ ರಕ್ತದ ಪ್ಲಾಸ್ಮವನ್ನು ಹೆಪ್ಪುಗಟ್ಟಿಸಿದರೆ ಅದು ಬಹುಮಟ್ಟಿಗೆ ಆರಿಯಸ್. ಇಲ್ಲವಾದರೆ ಎಪಿಡರ್ಮಿಡಿಸ್ ಅಥವಾ ಅದರ ಬಂಧುಗಳು. ಮೈಕ್ರೊಕಾಕಸ್ ಮಣ್ಣಿನಲ್ಲಿಯೂ ಇರುವುದರಿಂದ ಅದೊಂದನ್ನೇ ಕಂಡು ಚರ್ಮಮೂಲವೆಂದು ತೀರ್ಮಾನಿಸುವುದು ಅವಸರವೆಂದು ನಮ್ಮ ಅಭಿಪ್ರಾಯ.

ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಇಲ್ಲಿ ಪರಿಚಿತವಾದ ತೊಡಕೊಂದು ಕಾಣುತ್ತದೆ. ಕಲ್ಲಿನ ಶಾಸನ ಉಳಿಯುತ್ತದೆ, ಓಲೆಗರಿಯನ್ನು ಹುಳು ತಿನ್ನುತ್ತದೆ. ಉಳಿದುದಷ್ಟೇ ಇದ್ದುದೆಂದು ಬಗೆಯುವವನು ಮೋಸಹೋಗುತ್ತಾನೆ. ತಟ್ಟೆಯೂ ತನ್ನ ಮೇಲೆ ಬೆಳೆಯಬಲ್ಲವುಗಳನ್ನು ಮಾತ್ರ ದಾಖಲಿಸುತ್ತದೆ. ಕೂದಲ ಬುಡದ ಜಿಡ್ಡಿನಲ್ಲಿ ವಿಪುಲವಾಗಿರುವ ಕ್ಯುಟಿಬ್ಯಾಕ್ಟೀರಿಯಮ್ ಆಕ್ನೆಸ್ ಆಮ್ಲಜನಕವಿರುವಲ್ಲಿ ಸರಿಯಾಗಿ ಬೆಳೆಯದು. ಡಿ.ಎನ್.ಎ. ಓದುವ ಇಂದಿನ ವಿಧಾನ ಅದನ್ನು ಕಾಣಿಸುತ್ತದೆ. ಆದರೆ ಸತ್ತ ಜೀವಿಯನ್ನೂ ಬದುಕಿರುವುದನ್ನೂ ಸಾಮಾನ್ಯವಾಗಿ ಒಂದೇ ಎಣಿಕೆಗೆ ಸೇರಿಸಿಬಿಡುತ್ತದೆ.

ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಈ ನಿರ್ಣಯಕ್ಕೆ ಬೆಲೆ ಹೆಚ್ಚು. ಚರ್ಮದ ಮೇಲೆ ನಿರುಪದ್ರವಿಯಾದ ಎಪಿಡರ್ಮಿಡಿಸ್ ಕೃತಕ ಕೀಲಿನ ಮೇಲೆ ನೆಲೆಗೊಂಡರೆ ಆ ಕೀಲನ್ನೇ ತೆಗೆಯಬೇಕಾಗಬಹುದು. ಇಂಗ್ಲೆಂಡಿನ ಜಾನ್ ಚಾರ್ನ್ಲಿಯವರು ಕೊಠಡಿಗೆ ಸೋಸಿದ ಗಾಳಿಯನ್ನು ಹಾಯಿಸಿದುದಲ್ಲದೆ, ಶಸ್ತ್ರವೈದ್ಯರ ಮೈಯನ್ನೇ ಮುಚ್ಚಿ ಒಳಗಣ ಗಾಳಿಯನ್ನು ಕೊಳವೆಯಿಂದ ಹೊರಸೆಳೆಯುವ ಉಡುಪನ್ನು ರೂಪಿಸಿದುದು ಈ ಭಯದಿಂದಲೇ. ಭುಜದ ಕೃತಕ ಕೀಲಿನಲ್ಲಿ ಸೋಂಕಿನ ಶಂಕೆಯಿದ್ದಾಗ ಪ್ರಯೋಗಶಾಲೆಯವರು ಆಕ್ನೆಸ್‌ಗಾಗಿ ಆಮ್ಲಜನಕವಿಲ್ಲದ ಪಾತ್ರೆಯಲ್ಲಿ ತಟ್ಟೆಗಳನ್ನಿಟ್ಟು 14 ದಿನಗಳವರೆಗೆ ಕಾಯುವುದುಂಟು. ಮೊದಲ ಎರಡು ದಿನ ಬರಿದಾಗಿದ್ದ ತಟ್ಟೆಯಲ್ಲಿ ಎರಡನೆಯ ವಾರ ಬೊಟ್ಟುಗಳು ಮೂಡುವುದೂ ಉಂಟು.