ಎಂಟೂಕಾಲಿನ ಬಸ್ಸು ಮತ್ತು ನಾನು ಕೊಡಿಸಿದ ಸ್ಕೂಟರ್

ಸಾಗರದಿಂದ ಇಕ್ಕೇರಿಗೆ ಆರು ಕಿಲೋಮೀಟರ್. ಅಘೋರೇಶ್ವರ ದೇವಸ್ಥಾನ ನೋಡೋಕೆ ಬಂದವರಿಗೆ ಆ ರಸ್ತೆ ಗೊತ್ತಿರುತ್ತದೆ. ಅಲ್ಲಿಂದ ಒಳಗೆ ಎರಡೂವರೆ ಕಿಲೋಮೀಟರ್ ಹೋದರೆ ನಮ್ಮೂರು. ನಾನು ಹೈಸ್ಕೂಲಿಗೆ ಹೋಗುವಾಗ ಬೆಳಿಗ್ಗೆ ಎಂಟೂಕಾಲಿಗೆ ಊರಿಗೊಂದು ಬಸ್ ಬರುತ್ತಿತ್ತು. ಗಡಿಯಾರ ನೋಡುವ ಕೆಲಸವೇ ಇರಲಿಲ್ಲ. ಏರಿನಲ್ಲಿ ಡ್ರೈವರ್ ಗೇರ್ ಬದಲಾಯಿಸಿದ ಸದ್ದು ಕೇಳಿದ ಕೂಡಲೇ ಅಮ್ಮ ಊಟದ ಡಬ್ಬಿ ಚೀಲಕ್ಕೆ ಹಾಕಿ ಚಪ್ಪಲಿ ಮೆಟ್ಟುತ್ತಿದ್ದಳು. ಅವಳಿಗೆ ಸಾಗರದ ಬಟ್ಟೆ ಅಂಗಡಿಯೊಂದರಲ್ಲಿ ಹೊಲಿಗೆ ಕೆಲಸ.

ಆ ಬಸ್ಸಲ್ಲಿ ಯಾರಿರಲಿಲ್ಲ ಹೇಳಿ? ಮೇಷ್ಟ್ರು, ಸೊಸೈಟಿ ಗುಮಾಸ್ತರು, ಕಾಲೇಜು ಹುಡುಗರು, ಪಹಣಿಗೆ ಅಂತ ತಾಲ್ಲೂಕು ಆಫೀಸಿಗೆ ಹೊರಟವರು. ಡ್ರೈವರ್ ಪಕ್ಕ ಇಂಜಿನ್ ಮೇಲೆ ಬಾಳೆಎಲೆ ಕಟ್ಟು. ಯಾರ ಮನೆಯಲ್ಲಿ ಯಾರಿಗೆ ಜ್ವರ, ಯಾರ ಅಡಿಕೆಗೆ ಎಷ್ಟು ರೇಟ್ ಸಿಕ್ತು ಅನ್ನೋದೆಲ್ಲ ಸಾಗರ ತಲುಪುವಷ್ಟರಲ್ಲಿ ಗೊತ್ತಾಗಿಬಿಡುತ್ತಿತ್ತು.

ಆ ಬಸ್ ಈಗ ಇಲ್ಲ. ಅದನ್ನು ನಿಲ್ಲಿಸಿದವರಲ್ಲಿ ನಾನೂ ಒಬ್ಬ.

2017ರಲ್ಲಿ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದೆ. ಮಾರನೇ ವರ್ಷ ಕೂಡಿಟ್ಟ ದುಡ್ಡಲ್ಲಿ ಅಪ್ಪನಿಗೆ ಸ್ಕೂಟರ್ ಕೊಡಿಸಿದೆ. ‘ಇನ್ನು ಬಸ್ ಕಾಯೋದು ಬೇಡ’ ಅಂತ ಕೀ ಕೈಗಿಟ್ಟಾಗ ಆದ ಖುಷಿ ಈಗಲೂ ನೆನಪಿದೆ. ಅಪ್ಪ ದಿನಾ ಅಮ್ಮನನ್ನು ಅಂಗಡಿಗೆ ಬಿಟ್ಟು ಸಂಜೆ ಕರೆದುಕೊಂಡು ಬರುತ್ತಿದ್ದ. ಪಕ್ಕದ ಮನೆಗೂ ಬೈಕ್ ಬಂತು, ಅದರಾಚೆ ಮನೆಗೂ ಬಂತು. ಯಾರೂ ತಪ್ಪು ಮಾಡಲಿಲ್ಲ. ಬಸ್ಸಿನಲ್ಲಿ ಮಾತ್ರ ಒಂದೊಂದೇ ಸೀಟು ಖಾಲಿಯಾಯಿತು.

2020ರ ಲಾಕ್‌ಡೌನ್‌ನಲ್ಲಿ ನಿಂತ ಬಸ್ಸು ಆಮೇಲೆ ಸಂಜೆ ಟ್ರಿಪ್ ಮಾತ್ರ ಬಂತು. ವರ್ಷ ಕಳೆಯುವುದರೊಳಗೆ ಅದೂ ನಿಂತಿತು. ಹಳೇ ಕಂಡಕ್ಟರ್ ಒಮ್ಮೆ ಸಾಗರದ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ದರು. ಯಾಕೆ ನಿಲ್ಲಿಸಿದ್ರಿ ಅಂತ ಸ್ವಲ್ಪ ಜೋರಾಗಿಯೇ ಕೇಳಿದೆ.

“ಎಂತ ಮಾಡದು ಮಾರಾಯ, ಅಷ್ಟು ದೊಡ್ಡ ಗಾಡೀಲಿ ಏಳು ಜನ. ಏಳೇ ಜನ ಅಂತ ಅದು ಡೀಸೆಲ್ ಕಮ್ಮಿ ಕುಡಿಯಲ್ಲ. ತೆರಿಗೆ ಕಟ್ಟದು ಸೀಟಿನ ಲೆಕ್ಕಕ್ಕೆ, ಕೂತವರ ಲೆಕ್ಕಕ್ಕಲ್ಲ. ನೀವೆಲ್ಲ ಬೈಕ್ ತಗಂಡ್ರಿ, ನಾವು ಯಾರಿಗೆ ಅಂತ ಓಡ್ಸದು?”

ನನ್ನ ಹತ್ತಿರ ಉತ್ತರ ಇರಲಿಲ್ಲ.

2024ರಲ್ಲಿ ಅಪ್ಪನ ಕಣ್ಣಿಗೆ ತೊಂದರೆಯಾಯಿತು. ಇನ್ನು ಗಾಡಿ ಓಡಿಸಬಾರದು ಅಂದರು ಡಾಕ್ಟರು. ಸ್ಕೂಟರ್ ಕೊಟ್ಟಿಗೆ ಸೇರಿತು. ಅಮ್ಮ ಎರಡೂವರೆ ಕಿಲೋಮೀಟರ್ ನಡೆದು ಇಕ್ಕೇರಿ ರಸ್ತೆಗೆ ಬಂದು ಸಿಕ್ಕಿದ ಗಾಡಿಗೆ ಕೈ ತೋರಿಸಲು ಶುರು ಮಾಡಿದಳು. ಮಲೆನಾಡಿನ ಜುಲೈ ತಿಂಗಳು ಗೊತ್ತಲ್ಲ, ಕೊಡೆ ಹಿಡಿದರೂ ಸೊಂಟದ ಕೆಳಗೆಲ್ಲ ಒದ್ದೆ. ಅಂಗಡಿಯಲ್ಲಿ ಬದಲಾಯಿಸಲು ಒಂದು ಸೀರೆ ಇಟ್ಟುಕೊಂಡಿದ್ದಾಳೆ ಅನ್ನೋದು ನನಗೆ ಗೊತ್ತಾಗಿದ್ದು ಮೂರು ತಿಂಗಳ ಮೇಲೆ.

ಬೆಂಗಳೂರಲ್ಲಿ ಉಲ್ಟಾ

ಅದೇ ಹೊತ್ತಿಗೆ ಬೆಂಗಳೂರಲ್ಲಿ ನನ್ನ ಕಥೆ ತಿರುಗಾಮುರುಗಾ ಆಗಿತ್ತು. ನನ್ನ ರೂಮು ವಿಜಯನಗರದಲ್ಲಿ, ಆಫೀಸು ವೈಟ್‌ಫೀಲ್ಡ್ ಕಡೆ. ಬೈಕ್‌ನಲ್ಲಿ ಹೋದರೆ ಒಂದೂಮುಕ್ಕಾಲು ಗಂಟೆ, ಮಳೆ ಬಂದ ದಿನ ದೇವರೇ ಗತಿ. 2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವಿನ ತುಂಡು ಸೇರಿ ನೇರಳೆ ಮಾರ್ಗ ಪೂರ್ತಿಯಾಯಿತು. ಅಂದಿನಿಂದ ಚಲ್ಲಘಟ್ಟದಿಂದ ಕಾಡುಗೋಡಿಯವರೆಗೆ ಸುಮಾರು 43 ಕಿಲೋಮೀಟರ್ ಒಂದೇ ರೈಲು. ವಿಜಯನಗರದಲ್ಲಿ ಹತ್ತಿ ಪಟ್ಟಂದೂರು ಅಗ್ರಹಾರದಲ್ಲಿ ಇಳಿದರೆ ಗಂಟೆ ಚಿಲ್ಲರೆ. ಎರಡು ತಿಂಗಳಲ್ಲಿ ಬೈಕ್ ಮಾರಿದೆ.

2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ನಮ್ಮ ಟೀಮಿನ ಇಬ್ಬರು ಮತ್ತೆ ಬೈಕ್ ಹತ್ತಿದರು. ನಾನು ಬಿಡಲಿಲ್ಲ, ಯಾಕಂದ್ರೆ ಕೆಲವು ನಿಮಿಷಕ್ಕೊಂದು ರೈಲು ಬರುತ್ತದೆ ಅನ್ನೋ ನಂಬಿಕೆ. ಜನ ಗಾಡಿ ಬಿಡೋದು ಪರಿಸರದ ಭಾಷಣ ಕೇಳಿ ಅಲ್ಲ, ‘ಬಂದೇ ಬರುತ್ತೆ’ ಅನ್ನೋ ಧೈರ್ಯದಿಂದ. ಊರಿನ ಎಂಟೂಕಾಲಿನ ಬಸ್ಸಿಗಿದ್ದದ್ದೂ ಅದೇ ಧೈರ್ಯ.

ರಜೆ ಸಿಕ್ಕಾಗ ರಾತ್ರಿ ತಾಳಗುಪ್ಪ ರೈಲು ಹತ್ತುತ್ತೇನೆ. ಒಂದು ಕಾಲದಲ್ಲಿ ಈ ದಾರಿಯಲ್ಲಿ ರೈಲುಬಸ್ ಕುಂಟುತ್ತಾ ಹೋಗುತ್ತಿತ್ತು. 2011ರಲ್ಲಿ ತಾಳಗುಪ್ಪದವರೆಗೆ ಬ್ರಾಡ್‌ಗೇಜ್ ಆದ ಮೇಲೆ ಬೆಂಗಳೂರು ಹತ್ತಿರವಾಯಿತು. ನಿದ್ದೆ ಮಾಡಿ ಎದ್ದರೆ ಸಾಗರ ಜಂಬಗಾರು ಸ್ಟೇಷನ್. ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಮಲಗಿಕೊಂಡೇ ಬಂದವನು ಕೊನೆಯ ಎಂಟೂವರೆ ಕಿಲೋಮೀಟರ್‌ಗೆ ಆಟೋದವರ ಹತ್ತಿರ ಚೌಕಾಸಿ ಮಾಡಬೇಕು.

ಸುತ್ತಮುತ್ತ ಏನಾಗ್ತಿದೆ

ಇದು ನಮ್ಮೂರೊಂದರ ಕಥೆಯಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಒಳದಾರಿಗಳನ್ನು ಬಹಳ ಕಾಲ ಕಾಪಾಡಿದ್ದು ಖಾಸಗಿ ಬಸ್ಸುಗಳು. ಪಕ್ಕದ ಕೊಪ್ಪದಲ್ಲಿ 1991ರಲ್ಲಿ ಸಾರಿಗೆ ಕಾರ್ಮಿಕರೇ ಸೇರಿ ‘ಸಹಕಾರ ಸಾರಿಗೆ’ ಕಟ್ಟಿದ್ದರು. ದುಡಿಯುವವರೇ ಮಾಲೀಕರು! ಸಣ್ಣ ಸಣ್ಣ ಹಳ್ಳಿಗೂ ಹೋಗುತ್ತಿದ್ದ ಆ ಬಸ್ಸುಗಳು 2020ರ ಫೆಬ್ರವರಿಯಲ್ಲಿ ನಿಂತವು. ಕೊರೊನಾ ಲಾಕ್‌ಡೌನ್ ಬರುವುದಕ್ಕೂ ಮೊದಲೇ!

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಬೆಂಗಳೂರಲ್ಲಿ ನನ್ನ ಮನೆ ಓನರ್ ಆಂಟಿ ಖುಷಿಯಿಂದ ಓಡಾಡಿದರು. ಫೋನಲ್ಲಿ ಅಮ್ಮನಿಗೆ ಹೇಳಿದರೆ, “ಫ್ರೀ ಆಗದು ಆಮೇಲೆ, ಮೊದ್ಲು ಬಸ್ ಬರ್ಲಿ” ಅಂದಳು.

ಇನ್ನೊಂದು ಕಡೆ ಒಳ್ಳೆಯದೂ ಆಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ತುಂಬಿದ ಮೇಲೆ ತುಮರಿ ಕಡೆಯವರಿಗೆ ಸಾಗರಕ್ಕೆ ಬರಲು ಲಾಂಚೇ ಗತಿಯಾಗಿತ್ತು. ಜನ, ಬೈಕು, ಕಡೆಗೆ ಬಸ್ಸೂ ಲಾಂಚ್ ಮೇಲೆಯೇ ದಾಟಬೇಕು. ಆಚೆ ದಡದ ಶಾಲೆಗೆ ಹೋಗುವ ಮೇಷ್ಟ್ರುಗಳು ಸಂಜೆ ಕಡೇ ಲಾಂಚ್ ತಪ್ಪೀತು ಅಂತ ಓಡೋಡಿ ಬರುತ್ತಿದ್ದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿಲೋಮೀಟರ್ ಸೇತುವೆ ಉದ್ಘಾಟನೆಯಾಯಿತು. ಲಾಂಚ್ ನಂಬಿ ಕೆಲಸಕ್ಕೆ ಹೋಗುವ ಕಾಲ ಮುಗಿಯಿತು. ನನಗಿರುವ ಆಸೆ ಒಂದೇ. ಅಷ್ಟು ವರ್ಷ ಕಾದು ಪಡೆದ ಆ ಸೇತುವೆ ಮೇಲೆ ಬೈಕು, ಕಾರಿನ ಜೊತೆ ಬಸ್ಸೂ ಹೊತ್ತಿಗೆ ಸರಿಯಾಗಿ ಓಡಲಿ. ಅಲ್ಲೂ ಗಾಡಿ ಓಡಿಸಲು ಬಾರದ ಅಮ್ಮಂದಿರು ಇರುತ್ತಾರೆ.

ಒಂದು ಪಟ್ಟಿ

ಅಮ್ಮ ಸುಮ್ಮನೆ ಕೂರುವ ಪೈಕಿ ಅಲ್ಲ. ಸಾಗರಕ್ಕೆ ಕೆಲಸಕ್ಕೆ ಹೋಗುವ ಇನ್ನೂ ಮೂರು ಹೆಂಗಸರನ್ನು ಸೇರಿಸಿ ಒಂದು ಆಟೋ ಗೊತ್ತು ಮಾಡಿದಳು. ತಲೆಗೆ ತಿಂಗಳಿಗೆ 1,500 ರೂಪಾಯಿ. ಬಸ್ಸಿದ್ದಿದ್ದರೆ ಹೆಚ್ಚುಕಮ್ಮಿ ಅದರ ಅರ್ಧ. ಹೊಲಿಗೆ ಕೆಲಸದವಳಿಗೆ ಆ ಉಳಿದರ್ಧ ಸಣ್ಣ ದುಡ್ಡಲ್ಲ. ನಾನು ಕೊಡ್ತೀನಿ ಅಂದರೆ, “ನಿನ್ನ ದುಡ್ಡಲ್ಲಿ ಕೆಲಸಕ್ಕೆ ಹೋದ್ರೆ ಅದೆಂಥ ಸಂಬಳ?” ಅಂತ ಕೇಳುತ್ತಾಳೆ.

ಕಳೆದ ಸಲ ಊರಿಗೆ ಹೋದಾಗ ಒಂದು ಭಾನುವಾರ ಮನೆಮನೆಗೆ ಹೋದೆ. ಬೆಳಿಗ್ಗೆ ಎಷ್ಟೊತ್ತಿಗೆ ಹೊರಡ್ತೀರಿ, ಯಾವುದರಲ್ಲಿ ಹೋಗ್ತೀರಿ, ಬಸ್ ಬಂದರೆ ಹತ್ತುತ್ತೀರಾ ಅಂತ ಕೇಳಿ ಬರೆದುಕೊಂಡೆ. ದಿನಾ ಕೋಡ್ ಬರೆಯುವವನಿಗೆ ಎಕ್ಸೆಲ್ ಹಾಳೆ ಕಷ್ಟವೇ? ಇಪ್ಪತ್ತಾರು ಜನ ಹತ್ತುತ್ತೇವೆ ಅಂದರು. ಅದರಲ್ಲಿ ಅರ್ಧಕ್ಕರ್ಧ ಮಂದಿಗೆ ಮನೆಯಲ್ಲಿ ಬೈಕ್ ಇದೆ. ಪೆಟ್ರೋಲ್ ರೇಟಿಗೆ, ಮಳೆಗೆ ಅವರೂ ಬೇಸತ್ತಿದ್ದಾರೆ. ಎಲ್ಲರ ಷರತ್ತು ಒಂದೇ, ಹೊತ್ತಿಗೆ ಸರಿಯಾಗಿ ಬರಬೇಕು.

ಪಟ್ಟಿಯ ಒಂದು ಪ್ರತಿ ಪಂಚಾಯಿತಿಗೆ ಕೊಟ್ಟು, ಇನ್ನೊಂದನ್ನು ಅದೇ ಕಂಡಕ್ಟರ್‌ಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರು ಓದಿದರು. “ಹೆಸರು ಬರೆಯದು ಸುಲಭ ಮಾರಾಯ. ನಾ ಸಾಹುಕಾರ್ರ ಹತ್ರ ಮಾತಾಡ್ತೆ. ಒಂದು ತಿಂಗಳು ಬಿಡ್ತ್ರು ಅಂತ ಇಟ್ಕ, ದಿನಾ ಹತ್ತಿ ತೋರಿಸ್ತೀರಾ?”

ಹತ್ತುತ್ತೇವೆ ಅಂತ ಎಲ್ಲರ ಪರವಾಗಿ ಮಾತು ಕೊಟ್ಟು ಬಂದಿದ್ದೇನೆ. ನಾನೇನೋ ಬೆಂಗಳೂರಲ್ಲಿ ಕೂತವನು, ಮಾತು ಉಳಿಸಬೇಕಾದವರು ಊರಲ್ಲಿದ್ದಾರೆ. ಸ್ವಲ್ಪ ಹೆದರಿಕೆಯೂ ಇದೆ.

ಆ ರಾತ್ರಿ ಅಮ್ಮ ಕೇಳಿದಳು, “ಬಸ್ ಬಂದ್ರೆ ಆ ಸ್ಕೂಟರ್ ಮಾರ್ತ್ಯಾ?”

ಮಾರಲ್ಲ ಅಂದೆ. ರಾತ್ರಿ ಹೊತ್ತು ಯಾರಿಗಾದರೂ ಹುಷಾರು ತಪ್ಪಿದರೆ ಪಕ್ಕದ ಮನೆ ಹುಡುಗ ಓಡಿಸುತ್ತಾನೆ, ಇರಲಿ. ಬೆಳಿಗ್ಗೆ ಎಂಟೂಕಾಲಿಗೆ ಮಾತ್ರ ಅದು ಕೊಟ್ಟಿಗೆಯಲ್ಲೇ ನಿಂತಿರಲಿ.