ಇಲ್ಲದ ವಿಷ ಇಳಿಸುವವರು

ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಕಳೆ ಕೀಳುವಾಗ ಹಾವು ಕಚ್ಚುತ್ತದೆ. ರಕ್ತ ಬಳಬಳ ಸುರಿಯುತ್ತದೆ. ಬೈಕಿನಲ್ಲಿ ಕೂರಿಸಿಕೊಂಡು ಬೇರು ಕೊಡುವವರ ಮನೆಗೆ ಓಡುತ್ತಾರೆ. ಬೇರು ತಿನ್ನಿಸಿ, ಬೇವಿನ ಸೊಪ್ಪಿನಿಂದ ಇಳಿ ತೆಗೆದು, ಮಂತ್ರ ಹಾಕಿ ಕಳಿಸುತ್ತಾರೆ. ಸಂಜೆಗೆ ಮನುಷ್ಯ ಕಟ್ಟೆ ಮೇಲೆ ಕೂತು ಚಹಾ ಕುಡಿಯುತ್ತಾನೆ. "ನೋಡ್ರಿ, ವಿಷ ಹೆಂಗ್ ಇಳಿಸಿಬಿಟ್ರು!"

ಏನನ್ನು ಇಳಿಸಿದರು? ಕಚ್ಚಿದ್ದು ನೀರು ಹಾವು. ಅದಕ್ಕೆ ವಿಷದ ಹಲ್ಲೇ ಇಲ್ಲ. ಆ ಪುಣ್ಯಾತ್ಮ ಬೇರಿನ ಬದಲು ಒಗ್ಗರಣೆ ಮಿರ್ಚಿ ತಿಂದಿದ್ದರೂ ಸಂಜೆಗೆ ಚಹಾ ಕುಡಿಯುತ್ತಿದ್ದ.

ತುಂಗಭದ್ರೆಯ ಕಾಲುವೆ ನೀರು ನಿಂತಲ್ಲಿ, ಮೀನು ಕಪ್ಪೆ ಇದ್ದಲ್ಲಿ ಈ ಹಾವಿಗೆ ಜಾಗವಿದೆ, ಸಿರುಗುಪ್ಪವಾಗಲಿ, ಕುರುಗೋಡಾಗಲಿ. ಮೈತುಂಬ ಕಪ್ಪು ಚೌಕುಳಿ, ಕಣ್ಣಿನಿಂದ ಕೆಳಕ್ಕೆ ಇಳಿಯುವ ಎರಡು ಓರೆ ಗೆರೆ. ಕೆಣಕಿದರೆ ತಲೆ ಎತ್ತಿ ಕುತ್ತಿಗೆ ಅಗಲಿಸುತ್ತದೆ. ಅಷ್ಟಕ್ಕೇ "ನಾಗರ ಮರಿ" ಎಂದು ಬಡಿಗೆ ಎತ್ತುತ್ತಾರೆ. (ಪಂಚಮಿಗೆ ಹುತ್ತಕ್ಕೆ ಹಾಲೆರೆದ ಕೈಯೇ ಅದು.) ಕ್ಯಾಲಿಫೋರ್ನಿಯಾದಲ್ಲಿ ಇದರ ದೂರದ ನೆಂಟ, ದೈತ್ಯ ಗಾರ್ಟರ್ ಹಾವು, ಹೀಗೇ ಭತ್ತದ ಗದ್ದೆ ಮತ್ತು ಕಾಲುವೆ ನಂಬಿ ಬದುಕುತ್ತದೆ. 1993ರಿಂದ ಅದಕ್ಕೆ ಅಲ್ಲಿನ ಕೇಂದ್ರ ಕಾನೂನಿನ ಕಾವಲಿದೆ. ನಮ್ಮದಕ್ಕೂ 1972ರ ವನ್ಯಜೀವಿ ಕಾಯ್ದೆ ಇದೆ, ಬಡಿಗೆ ಹಿಡಿದವರಿಗೆ ಗೊತ್ತಿಲ್ಲ ಅಷ್ಟೆ.

ಸಾಯುತ್ತಿರುವುದು ಹಾವೊಂದೇ ಆಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನೀರು ಹಾವು ತಂದುಕೊಟ್ಟ ಹೆಸರನ್ನು ನಂಬಿ ಕಟ್ಟು ಹಾವು, ಕೊಳಕುಮಂಡಲ ಕಚ್ಚಿದವರೂ ಅದೇ ಬಾಗಿಲಿಗೆ ಹೋಗುತ್ತಾರೆ. ಕೊಳಕುಮಂಡಲ ಓಡಾಡುವುದೂ ಇಂಥ ಹೊಲಗದ್ದೆಗಳಲ್ಲೇ. ಬದುಕಿದರೆ ಮಂತ್ರದ ಮಹಿಮೆ, ಸತ್ತರೆ "ಆಯಸ್ಸು ಮುಗಿದಿತ್ತು". ನಷ್ಟವೇ ಇಲ್ಲದ ವ್ಯಾಪಾರ! ಬಿತ್ತನೆ ಬೀಜ ಮೊಳೆಯದಿದ್ದರೆ ಅಂಗಡಿಯವನ ಕೊರಳಪಟ್ಟಿ ಹಿಡಿಯುವ ನಮ್ಮ ಜನ ಬೇರು ಕೊಟ್ಟವರನ್ನು ಒಂದು ಮಾತೂ ಕೇಳುವುದಿಲ್ಲ. ಓದಿದವರು ಬೇರೆಯಲ್ಲ, ಬಳ್ಳಾರಿಯಿಂದ ಕಾರಿನಲ್ಲಿ ಬರುತ್ತಾರೆ.

ನೀರಿನೊಳಗೆ ಹಾವು ಕಚ್ಚುವುದಿಲ್ಲ ಎನ್ನುವವರೂ ಇದ್ದಾರೆ. ಮತ್ತೆ ಮೀನು ಹಿಡಿಯುವುದು ಯಾವುದರಿಂದಲೋ. ಹಾವು ದ್ವೇಷ ಇಟ್ಟುಕೊಂಡು ಬರುತ್ತದೆ ಎಂಬುದು ಸಿನಿಮಾದವರಿಗೆ ಇರಲಿ.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶಿಸಿತು. ಬೇರು ಕೊಡುವವರ ಮನೆಯಲ್ಲಿ ಅಂಥ ದಾಖಲೆ ಪುಸ್ತಕವೇನೂ ಇಲ್ಲ. ಕಚ್ಚಿದ್ದು ನೀರು ಹಾವೆಂದು ಗಟ್ಟಿಯಾದರೆ ಸೋಪು ಹಾಕಿ ತೊಳೆದು, ವೈದ್ಯರಿಗೆ ತೋರಿಸಿ ಟಿಟಿ ಹಾಕಿಸಿಕೊಳ್ಳಿ. ಸ್ವಲ್ಪ ಅನುಮಾನವಿದ್ದರೂ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಕೈಕಾಲು ಅಲುಗಿಸದೆ 108ಕ್ಕೆ ಫೋನ್ ಮಾಡಿ.